ದಂಡ ಹಾಕದೆ, ಬೈಯದೆ ತೋಟ ನೋಡಿ ಹೋದವರು

ಕಾಸರಗೋಡು ಜಿಲ್ಲೆಯ ಪೆರ್ಲ, ಎಣ್ಮಕಜೆ ಕಡೆ ತೋಡಿನ (ಸಣ್ಣ ಹಳ್ಳದ) ಬದಿಗೆ ಅಡಿಕೆ ತೋಟ ಇರುವವರು ಇದನ್ನು ಓದಬೇಕು. ಗುಡ್ಡೆಯ ಮೇಲೆ ರಬ್ಬರ್ ಮಾತ್ರ ಇರುವವರು ಓದದಿದ್ದರೂ ನಡೆಯುತ್ತದೆ.

ನಮ್ಮಲ್ಲಿ ಒಂದು ಸಹಕಾರಿ ಸಂಘದವರು ಕಳೆದ ಮಳೆಗಾಲದಿಂದ ಒಂದು ಸೇವೆ ಶುರು ಮಾಡಿದ್ದಾರೆ. ಸಂಘದ ಹೆಸರು ಬರೆಯುವುದಿಲ್ಲ. ಮುಂದೆ ಒಂದಷ್ಟು ದೂರು ಇದೆ, ಅವರನ್ನು ನಾನು ವಾರಕ್ಕೊಮ್ಮೆ ಪೇಟೆಯಲ್ಲಿ ನೋಡಬೇಕಾಗುತ್ತದೆ. ಸೇವೆ ಏನೆಂದರೆ, ಅವರು ತೋಟಕ್ಕೆ ಬರುತ್ತಾರೆ, ನಮ್ಮ ಜೊತೆ ಸುತ್ತುತ್ತಾರೆ. ಗೊಬ್ಬರ, ಸೆಗಣಿ ನೀರು, ಮರಕ್ಕೆ ಬಿಡುವ ಮದ್ದು ಎಲ್ಲಿಂದ ತೋಡಿಗೆ ಇಳಿಯುತ್ತಿದೆ ಎಂದು ನೋಡುತ್ತಾರೆ. ತಡೆಯಲು ಏನು ಮಾಡಬಹುದು ಎಂದು ಬರೆದು ಕೊಡುತ್ತಾರೆ. ಅದರಲ್ಲಿ ಕೆಲವು ಕೆಲಸಗಳಿಗೆ ಅರ್ಧ ಖರ್ಚು ಅವರದು. ಭೇಟಿಗೆ, ಮಣ್ಣು ಪರೀಕ್ಷೆಗೆ, ಬಾವಿ ನೀರಿನ ಪರೀಕ್ಷೆಗೆ ದುಡ್ಡಿಲ್ಲ. ಸೇರಲೇಬೇಕು ಅಂತಲೂ ಇಲ್ಲ. ಇದು ಇಡೀ ಪಂಚಾಯತಿಗೆ ಅಲ್ಲ, ಶಿರಿಯ ಹೊಳೆಗೆ ಸೇರುವ ಎರಡು ತೋಡುಗಳ ಬದಿಯ ತೋಟಗಳಿಗೆ ಮಾತ್ರ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅರ್ಧ ಅಂಕ ಹಣ ಕೊಡುವ ರೀತಿಗೆ ಹೋಯಿತು. ಇನ್ನರ್ಧ ಭಾಷೆಗೆ.

ಮೊದಲು ಅನುಮಾನದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಸಂಬಂಧಿಕರೆಲ್ಲ ಫೋನ್ ಮಾಡಿ ಕೇಳುವುದು ಅದನ್ನೇ. "ಒಳಗೆ ಬಿಟ್ಟರೆ ಆಮೇಲೆ ನೋಟೀಸು ಬರುತ್ತದಾ?" ಪಕ್ಕದ ತೋಟದ ಅಣ್ಣ ಸಹಿ ಹಾಕದೆ ಕೂತದ್ದೂ ಇದೇ ಹೆದರಿಕೆಗೆ. ನಮ್ಮ ಅತ್ತೆಯ ಅನುಮಾನ ಬೇರೆ. ಪುಕ್ಕಟೆ ಅಂತ ಬಂದವರು ಕೊನೆಗೆ ಚೀಲದಿಂದ ಏನಾದರೂ ಬಾಟಲಿ ತೆಗೆಯುತ್ತಾರೆ ಎಂಬುದು ಅವರ ಅನುಭವ. ಎರಡು ಹನಿ ಹಾಕಿದರೆ ಹಿಂಗಾರ (ಅಡಿಕೆಯ ಹೂಗೊನೆ) ತುಂಬಾ ಅಡಿಕೆ ಕಚ್ಚುತ್ತದೆ ಎನ್ನುವ ಬಾಟಲಿಗಳು ನಮ್ಮ ಉಗ್ರಾಣದಲ್ಲಿ ಇನ್ನೂ ಇವೆ.

ಇದಕ್ಕಿಂತ ಆಳದ ಕಾರಣವೂ ಒಂದು ಇದೆ. ಇಲ್ಲಿ ವಿಷ ಎಂದರೆ ಜನರಿಗೆ ನೆನಪಾಗುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಸರಕಾರಿ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. 2000ದಲ್ಲಿ ನಿಂತಿತು. ದೇಶದಲ್ಲಿ ನಿಷೇಧ ಆದದ್ದು 2011ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ. ಪಡ್ರೆ, ವಾಣಿನಗರ, ಸ್ವರ್ಗ ಈ ಊರುಗಳ ಹೆಸರು ಹೊರಗಿನವರಿಗೆ ಗೊತ್ತಾದದ್ದೇ ಆ ಸಂಕಟದಿಂದ. ಹಾಗಾಗಿ ಮಾಲಿನ್ಯದ ಮಾತು ತೆಗೆದು ಯಾರಾದರೂ ಸಣ್ಣ ಕೃಷಿಕನ ಮನೆಗೆ ಬಂದರೆ, ಆಕಾಶದಿಂದ ಸುರಿದವರನ್ನು ಬಿಟ್ಟು ಎರಡು ದನ ಕಟ್ಟಿದವನ ಹಟ್ಟಿ ನೋಡಲು ಬಂದರಾ ಎಂದು ಕೇಳುವುದು ಸಹಜ. ನಾನೂ ಕೇಳಿದೆ. ಬಂದ ಇಬ್ಬರಲ್ಲಿ ಹಿರಿಯರು ರೈಗಳು, ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ವಾದ ಮಾಡಲಿಲ್ಲ. "ಸರಿಯಾದ ಪ್ರಶ್ನೆ ಅಕ್ಕಾ. ಆದರೆ ಆ ತೋಡಿನ ನೀರು ಕುಡಿಯುವುದು ನೀವೇ ಅಲ್ವಾ" ಎಂದರು. ಅಷ್ಟೇ. ಕೊಡೆ ಬಿಡಿಸಿ ಹೊರಟರು.

ಕೊಡೆ ಯಾಕೆಂದರೆ ಅವರು ಬಂದದ್ದು ಜುಲೈ ತಿಂಗಳ ಧೋ ಮಳೆಯಲ್ಲಿ. ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದು. ತೋಟ ನೋಡಲು ಬರುವ ಅಧಿಕಾರಿಗಳು, ಕಂಪೆನಿಯವರು ಎಲ್ಲ ಬರುವುದು ಜನವರಿಯಲ್ಲಿ. ಅಂಗಳದಲ್ಲಿ ಅಡಿಕೆ ಹರಡಿರುತ್ತದೆ, ಎಳನೀರು ಕುಡಿಯುತ್ತಾರೆ, ಫೋಟೋ ತೆಗೆಯುತ್ತಾರೆ. ರೈಗಳು ಹೇಳಿದ್ದು, "ಬಿಸಿಲಲ್ಲಿ ಎಲ್ಲಾ ತೋಟವೂ ಚಂದವೇ. ಯಾವ ತೋಟ ಏನನ್ನು ಹೊರಗೆ ಕಳಿಸುತ್ತದೆ ಎಂದು ಗೊತ್ತಾಗುವುದು ಮಳೆಯಲ್ಲಿ." ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಕೆಳಗೆ ಮುರಕಲ್ಲು. ತೂತು ತೂತು ಕಲ್ಲು, ಏನು ಸುರಿದರೂ ಬೇಗ ಬಾವಿಗೆ ಇಳಿಯುತ್ತದೆ. ಇಳಿಯದೆ ಉಳಿದದ್ದು ಕಣಿಯಲ್ಲಿ (ತೋಟದ ಬಸಿಗಾಲುವೆಯಲ್ಲಿ) ಹರಿದು ತೋಡಿಗೆ.

ಅವರು ತೋಟವನ್ನು ಮೇಲಿನಿಂದ ನೋಡಲಿಲ್ಲ. ತೋಡಿನಿಂದ ಶುರು ಮಾಡಿದರು. ಕಣಿ ತೋಡಿಗೆ ಸೇರುವ ಬಾಯಿಗಳನ್ನು ಒಂದೊಂದಾಗಿ ನೋಡಿ, ಎಲ್ಲಿ ನೀರಿನ ಬಣ್ಣ ಬೇರೆ ಇದೆಯೋ ಆ ಕಣಿ ಹಿಡಿದು ಮೇಲೆ ನಡೆದರು. ಇನ್ನೊಬ್ಬಳು ಹುಡುಗಿ, ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ಓದಿದವಳು, ನೀಲೇಶ್ವರ ಕಡೆಯವಳು. ಕನ್ನಡ ಕಲಿಯುತ್ತಿದ್ದಾಳೆ. "ಚೇಚೀ, ಈ ನೀರು ಎಲ್ಲಿಂದ ಬರುವುದು?" ಎಂದು ಪ್ರತಿ ತಿರುವಿನಲ್ಲೂ ಕೇಳುತ್ತಾಳೆ. ಕಾಲಿಗೆ ಹತ್ತಿದ ಇಂಬಳವನ್ನು ಉಪ್ಪು ಹಾಕಿ ತೆಗೆದು ಮತ್ತೆ ನಡೆಯುತ್ತಾಳೆ. ನನಗೆ ಅವಳ ಮೇಲೆ ವಿಶ್ವಾಸ ಬಂದದ್ದು ಆಗ. ಇಬ್ಬರ ಚೀಲದಲ್ಲೂ ಬಾಟಲಿ ಇತ್ತು, ಆದರೆ ಖಾಲಿ ಬಾಟಲಿ. ನೀರಿನ ಮಾದರಿ ತುಂಬಿಸಲು.

ಮೂರು ಜಾಗ ಗುರುತು ಮಾಡಿದರು. ಮೂರೇ. ಇಡೀ ತೋಟ ಸರಿಯಿಲ್ಲ, ಎಲ್ಲ ಬದಲಿಸಿ ಎಂದಿದ್ದರೆ ನಾನು ಚಾ ಕೊಟ್ಟು ಕಳಿಸಿ ಸುಮ್ನೆ ಕೂರುತ್ತಿದ್ದೆ.

ಒಂದು, ಹಟ್ಟಿಯ ಹಿಂದಿನ ಸ್ಲರಿ ಗುಂಡಿ. ನಮ್ಮಲ್ಲಿ ಎರಡು ಜರ್ಸಿ, ಒಂದು ಕಾಸರಗೋಡು ಗಿಡ್ಡ. ಮಾವನವರ ಕಾಲದ ಗೋಬರ್ ಗ್ಯಾಸ್. ಅದರಿಂದ ಹೊರಬಂದ ಸ್ಲರಿ ಗುಂಡಿಯಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಪಂಪಿನಲ್ಲಿ ತೋಟಕ್ಕೆ ಬಿಡುತ್ತೇವೆ. ಮಳೆಗಾಲದಲ್ಲಿ ಗುಂಡಿ ತುಂಬಿ ಉಕ್ಕುತ್ತದೆ, ಎಲ್ಲರ ಮನೆಯಲ್ಲೂ ಉಕ್ಕುತ್ತದೆ. ಗುಂಡಿ ಸಣ್ಣದು, ದೊಡ್ಡದು ಕಟ್ಟಿಸಬೇಕು ಎಂದೇ ನಮ್ಮವರ ವಾದ. ರೈಗಳು ತಲೆ ಎತ್ತಿ ಮಾಡು (ಛಾವಣಿ) ನೋಡಿದರು. ಹಟ್ಟಿಯ ಶೀಟಿನ ನೀರು ನೇರ ಗುಂಡಿಗೆ ಬೀಳುತ್ತಿತ್ತು.

ಅಲ್ಲೇ ನಿಂತು ಲೆಕ್ಕ ಹಾಕಿಸಿದರು. ಹಟ್ಟಿಯ ಮಾಡು ಸುಮಾರು 40 ಚದರ ಮೀಟರ್. ಮೂರೂವರೆ ಮೀಟರ್ ಮಳೆ. ಗುಣಿಸಿದರೆ ವರ್ಷಕ್ಕೆ 1,40,000 ಲೀಟರ್ ನೀರು. ಅಷ್ಟೂ ಒಳ್ಳೆಯ ನೀರು, ಸೆಗಣಿಗೆ ಬಿದ್ದು ಹೊಲಸಾಗಿ ತೋಡಿಗೆ ಹೋಗುತ್ತಿದೆ. ಗುಂಡಿ ಎಷ್ಟು ದೊಡ್ಡದು ಮಾಡಿದರೂ ಇದನ್ನು ಹಿಡಿಯಲು ಆಗುವುದಿಲ್ಲ. ಪರಿಹಾರ, ಮಾಡಿನ ಅಂಚಿಗೆ ನೀರು ಹಿಡಿದು ಒಯ್ಯುವ ಒಂದು ದಂಬೆ, ಗುಂಡಿಯ ಮೇಲೆ ಒಂದು ಶೀಟು. ಒಳ್ಳೆಯ ನೀರು ಬೇರೆ ದಾರಿ, ಸೆಗಣಿ ನೀರು ಬೇರೆ ದಾರಿ. ಬಿದ್ದ ಅಡಿಕೆ ಮರ ಸೀಳಿ ದಂಬೆ ಮಾಡುವುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯಾ? ಕೊನೆಗೆ ಪಿವಿಸಿ ಹಾಕಿದೆವು, ಅದು ಬೇರೆ ಮಾತು. ದೊಡ್ಡ ಗುಂಡಿಯ ಅಂದಾಜು ಪಟ್ಟಿ ನಮ್ಮವರ ಮೇಜಿನ ಖಾನೆಯಲ್ಲಿ ಇತ್ತು. ಅದರ ಹತ್ತನೇ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು.

ಇಲ್ಲಿ ಒಂದು ಮಾತು. ನಮ್ಮ ಜಿಲ್ಲೆಯನ್ನು 2012ರಲ್ಲಿ ಸಾವಯವ ಜಿಲ್ಲೆ ಎಂದು ಘೋಷಿಸಿದ್ದರು. ಎಂಡೋಸಲ್ಫಾನ್ ಕಂಡ ಊರಿಗೆ ಆ ಹೆಸರು ಬೇಕಿತ್ತು, ತಪ್ಪಿಲ್ಲ. ಆದರೆ ಸಾವಯವ ಎಂದ ಕೂಡಲೇ ತೋಡಿಗೆ ಹೋದರೂ ಅಡ್ಡಿಯಿಲ್ಲ ಎಂದು ಜನ ತಿಳಿದುಕೊಂಡಿದ್ದಾರೆ. ಸೆಗಣಿಯಲ್ಲಿರುವ ಸಾರಜನಕವೂ ನೀರಿಗೆ ಹೋದರೆ ಯೂರಿಯಾದ್ದೇ ಕೆಲಸ ಮಾಡುತ್ತದೆ. ಪಾಚಿ ಬೆಳೆಯುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ, ಮೀನು ಸಾಯುತ್ತದೆ. ಇದನ್ನು ನನಗೆ ಇಷ್ಟು ವರ್ಷ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಎರಡನೆಯದು ಮದ್ದು ಕದಡುವ ಜಾಗ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದೆ ನಮ್ಮಲ್ಲಿ ಅಡಿಕೆ ಉಳಿಯುವುದಿಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ಬೋರ್ಡೋ ಬಳಕೆಗೆ ತಂದರು. ಇವತ್ತಿಗೂ ಅದೇ ಗತಿ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮದ್ದು ಬಿಡಬೇಡಿ ಎಂದು ಇವರು ಹೇಳಲಿಲ್ಲ. ಹೇಳಿದ್ದರೆ ನಾನು ಕೇಳುತ್ತಲೂ ಇರಲಿಲ್ಲ.

ಅವರು ಕೇಳಿದ್ದು ಎಲ್ಲಿ ಕದಡುತ್ತೀರಿ, ಡ್ರಮ್ಮು ಎಲ್ಲಿ ತೊಳೆಯುತ್ತೀರಿ ಎಂದು. ನೀರು ಹತ್ತಿರ ಇರುವಲ್ಲಿ ತಾನೇ ಕದಡುವುದು? ಊರಿಗೆ ಊರೇ ತೋಡಿನ ಬದಿಯಲ್ಲಿ ಕದಡುತ್ತದೆ. ಡ್ರಮ್ಮು, ಹೋಸು, ಪಂಪು ತೊಳೆದ ನೀಲಿ ನೀರು ಅಲ್ಲೇ ಹೋಗುತ್ತದೆ. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತರೆ ಉಳಿದ ಮದ್ದೂ ಅಲ್ಲಿಗೇ. ಕದಡಿದ ಬೋರ್ಡೋ ಅದೇ ದಿನ ಬಿಟ್ಟು ಮುಗಿಸಬೇಕು, ಮರುದಿನಕ್ಕೆ ಗುಣ ಇರುವುದಿಲ್ಲ.

ರೈಗಳು ಇಲ್ಲೂ ಲೆಕ್ಕ ಹಾಕಿಸಿದರು. ಆ ಮನುಷ್ಯನಿಗೆ ಲೆಕ್ಕದ ಹುಚ್ಚು. ಮೈಲುತುತ್ತಿನಲ್ಲಿ ನಾಲ್ಕನೇ ಒಂದು ಪಾಲು ತಾಮ್ರ. ನಮ್ಮದು 500 ಮರ. ಮರಕ್ಕೆ ಎರಡು ಲೀಟರ್ ಎಂದು ಹಿಡಿದರೆ ಒಂದು ಸುತ್ತಿಗೆ 1,000 ಲೀಟರ್ ಮದ್ದು, ಅಂದರೆ 10 ಕಿಲೋ ಮೈಲುತುತ್ತು, ಅಂದರೆ ಎರಡೂವರೆ ಕಿಲೋ ತಾಮ್ರ. ಎರಡು ಸುತ್ತಿಗೆ ಐದು ಕಿಲೋ. ತಾಮ್ರ ಕೊಳೆಯುವ ವಸ್ತು ಅಲ್ಲ. ಮಣ್ಣಿಗೆ ಬಿದ್ದದ್ದು ಮಣ್ಣಲ್ಲೇ ಕೂರುತ್ತದೆ, ವರ್ಷ ವರ್ಷ ಜಾಸ್ತಿ ಆಗುತ್ತದೆ. ಜಾಸ್ತಿ ಆದರೆ ಎರೆಹುಳಕ್ಕೆ ಆಗುವುದಿಲ್ಲ. ನೀರಿಗೆ ಬಿದ್ದದ್ದು ಮೀನಿಗೆ ವಿಷ.

ಮಾಡಿದ ಬದಲಾವಣೆ ಸಣ್ಣದು. ಕದಡುವ ಜಾಗ ತೋಡಿನಿಂದ ಮೇಲೆ, ನೀರಿನ ಟಾಂಕಿಯ ಹತ್ತಿರ ಬಂತು. ಡ್ರಮ್ಮು ತೊಳೆದ ನೀರನ್ನು ಮುಂದಿನ ಪಾಕಕ್ಕೇ ಸೇರಿಸುವುದು, ಕೊನೆಯದನ್ನು ಮರಕ್ಕೇ ಬಿಡುವುದು. ಬೆಳಗ್ಗೆ ಆಕಾಶ ನೋಡಿ ಅರ್ಧ ಡ್ರಮ್ಮು ಮಾತ್ರ ಕದಡುವುದು. ಪಾಕ ಸರಿಯಾಗಿದೆಯಾ ನೋಡಲು ಉಜ್ಜಿದ ಕಬ್ಬಿಣದ ಕತ್ತಿ ಅದ್ದುವ ಕ್ರಮ ನಮ್ಮಲ್ಲಿ ಮೊದಲೇ ಇದೆ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಹುಡುಗಿ ಪಿಎಚ್ ಕಾಗದದ ಒಂದು ಪುಸ್ತಕ ಕೊಟ್ಟು ಹೋದಳು. ಮದ್ದು ಬಿಡುವ ನಮ್ಮ ಬಾಬುವಿಗೆ ಕತ್ತಿಯೇ ಇಷ್ಟ. ಈಗ ಎರಡೂ ಮಾಡುತ್ತಾನೆ, ಕತ್ತಿ ಗೆದ್ದಿತು ಎನ್ನುತ್ತಾನೆ. ಮರ ಹತ್ತದೆ ಕೆಳಗಿನಿಂದಲೇ ಬಿಡುವ ಕಾರ್ಬನ್ ದೋಟಿ (ಉದ್ದದ ಕೋಲು) ಬಂದ ಮೇಲೆ ಮದ್ದು ಗಾಳಿಗೆ ಹಾರುವುದು ಜಾಸ್ತಿ. ತೋಡಿನ ಬದಿಯ ಎರಡು ಸಾಲಿಗೆ ಗಾಳಿ ಇಲ್ಲದ ಹೊತ್ತು ನೋಡಿ ಬಿಡಿ ಎಂದರು. ಅದು ಪ್ರತಿ ಸಲ ಆಗುವ ಮಾತಲ್ಲ. ಕೆಲಸದವರು ಸಿಕ್ಕಿದ ದಿನವೇ ನಮ್ಮ ಮುಹೂರ್ತ.

ಮೂರನೆಯದು ಗೊಬ್ಬರ ಹಾಕುವ ತಿಂಗಳು. ಮಣ್ಣು ಪರೀಕ್ಷೆಯ ವರದಿ ಬಂದ ಮೇಲೆ ಇದರ ಬಗ್ಗೆ ಮಾತಾಡಿದ್ದು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಚೀಲದ ಲೆಕ್ಕದಲ್ಲಿ ಹೇಳಿದರೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ, 230 ಗ್ರಾಂಗಿಂತ ಸ್ವಲ್ಪ ಜಾಸ್ತಿ ಪೊಟ್ಯಾಷ್. ನಮ್ಮ ವರದಿಯಲ್ಲಿ ರಂಜಕ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಕೇರಳದಲ್ಲಿ ತುಂಬಾ ಕಡೆ ಹೀಗೇ ಎಂದು ಹುಡುಗಿ ಹೇಳಿದಳು. ವರ್ಷಗಟ್ಟಲೆ ಹಾಕಿದ್ದು ಮಣ್ಣಲ್ಲಿ ಕೂತಿದೆ. ಹಾಗಾದರೆ ಈ ವರ್ಷ ಶಿಲಾರಂಜಕ ಬೇಡ. 500 ಮರಕ್ಕೆ 100 ಕಿಲೋ ಉಳಿತಾಯ, ಎರಡು ಚೀಲ. ಈ ಮಾತು ಹೇಳಿದ ಕೂಡಲೇ ನಮ್ಮವರು ಜಗಲಿಯಿಂದ ಎದ್ದು ಬಂದು ಕೂತರು. ಮಣ್ಣಿನ ಹುಳಿ ಮಾತ್ರ ಜೋರಿತ್ತು. ಅದಕ್ಕೆ ಸುಣ್ಣ ಹಾಕಬೇಕು, ಆ ಖರ್ಚು ಬೇರೆ ಬಂತು. ಅಂತೂ ಒಂದು ಕೈಯಲ್ಲಿ ಉಳಿಸಿ ಇನ್ನೊಂದು ಕೈಯಲ್ಲಿ ಕೊಟ್ಟ ಹಾಗಾಯಿತು.

ಯೂರಿಯಾವನ್ನು ಜೂನ್ ಮಳೆಗೆ ಹಾಕುವವರು ನಮ್ಮಲ್ಲಿ ಜಾಸ್ತಿ. ಆಗ ಬುಡ ಬಿಡಿಸಲು ಜನ ಸಿಗುತ್ತಾರೆ, ನೀರೂ ಉಂಟು ಎಂಬ ಲೆಕ್ಕ. ಆದರೆ ಆ ಮಳೆಗೆ ಅರ್ಧ ಗೊಬ್ಬರ ಬುಡದಲ್ಲಿ ನಿಲ್ಲುವುದಿಲ್ಲ. ನೀರು ಬಿಡುವ ತೋಟಕ್ಕೆ ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದು ಕಂತು, ಫೆಬ್ರವರಿಯಲ್ಲಿ ಇನ್ನೊಂದು ಕಂತು ಎಂಬುದು ಹಳೆಯ ಶಿಫಾರಸು. ಹೊಸ ವಿಷಯ ಏನೂ ಅಲ್ಲ, ಕೃಷಿ ಮೇಳದಲ್ಲಿ ಕೊಡುವ ಹಾಳೆಯಲ್ಲೂ ಇರುತ್ತದೆ. ವ್ಯತ್ಯಾಸ ಏನೆಂದರೆ ಆ ಹಾಳೆ ಎಲ್ಲರಿಗೂ ಒಂದೇ. ಇವರು ನಮ್ಮ ಮಣ್ಣು ನೋಡಿ, ನಮ್ಮ ಮರ ಎಣಿಸಿ, ಯಾವ ತಿಂಗಳು ಯಾವುದು ಎಷ್ಟು ಚೀಲ ಎಂದು ಬರೆದು ಕೊಟ್ಟರು. ಅದನ್ನು ಉಗ್ರಾಣದ ಬಾಗಿಲಿಗೆ ಅಂಟಿಸಿದ್ದೇನೆ.

ಬಾವಿ ನೀರಿನ ವರದಿ ಬಂದಾಗ ಮಗಳು ಬಾಣಂತನಕ್ಕೆ ಮನೆಯಲ್ಲಿದ್ದಳು. ಗೊಬ್ಬರ, ಸೆಗಣಿಯ ಸಾರಜನಕದಿಂದ ಬರುವ ನೈಟ್ರೇಟ್ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಮುಖ್ಯವಾಗಿ ತೊಂದರೆ ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇಳಿದಷ್ಟೂ ಅದು ಇನ್ನೂ ಗಟ್ಟಿಯೇ ಆಗುತ್ತದೆ. ಇದು ನನಗೆ ಹೊಸತು. ನಮ್ಮ ಬಾವಿಯದು ಮಿತಿಯ ಒಳಗೇ ಇತ್ತು. ಆದರೆ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರಿಗೂ ಹಟ್ಟಿಯ ಕೆಳಗಿನ ಬಾವಿಯ ನೀರಿಗೂ ಅಂಕಿಯಲ್ಲಿ ತುಂಬಾ ಅಂತರ. ಮಗುವಿಗೆ ಸುರಂಗದ ನೀರೇ ಸಾಕು ಎಂದು ಅತ್ತೆ ಆ ದಿನವೇ ತೀರ್ಮಾನಿಸಿದರು. ವರದಿ ಬರುವ ಮೊದಲೂ ಅವರು ಅದನ್ನೇ ಹೇಳುತ್ತಿದ್ದರು, ರುಚಿಯ ಕಾರಣಕ್ಕೆ.

ಕಳೆ ಕೊಲ್ಲುವ ಮದ್ದಿನ ವಿಷಯವೂ ಬಂತು. ಗ್ಲೈಫೋಸೇಟ್ ಮಾರಾಟ ಕೇರಳದಲ್ಲಿ 2019ರಲ್ಲಿ ನಿಂತಿದೆ. ಗಡಿ ಆಚೆಯಿಂದ ತರುವವರು ಇದ್ದಾರೆ, ಯಾರು ಎಂದು ನಾನು ಹೇಳುವುದಿಲ್ಲ. ಹುಡುಗಿಯೂ ಕೇಳಲಿಲ್ಲ. ತೋಡಿನ ದಂಡೆಯಲ್ಲಿ ಎರಡು ಮಾರು ಅಗಲಕ್ಕೆ ಹುಲ್ಲು ಹೆರೆಯಬೇಡಿ, ಕೇದಗೆ ಪೊದೆ ಕಡಿಯಬೇಡಿ, ಉಳಿದ ಕಡೆ ಯಂತ್ರದಿಂದ ಹುಲ್ಲು ತೆಗೆಯಿರಿ ಎಂದಳು. ತೋಟದಿಂದ ಕೊಚ್ಚಿ ಬರುವ ಮಣ್ಣು ಆ ಹುಲ್ಲಿನಲ್ಲಿ ಸಿಕ್ಕಿ ನಿಲ್ಲುತ್ತದೆ, ಅದಕ್ಕೆ ಅಂಟಿದ ಗೊಬ್ಬರವೂ ನಿಲ್ಲುತ್ತದೆ. ಪುಕ್ಕಟೆ ಕೆಲಸ. ಆದರೆ ತೋಟ ಬೋಳಿಸಿದಷ್ಟು ಚೊಕ್ಕ ಎನ್ನುವವರಿಗೆ ಇದು ಕಷ್ಟ. ನಮ್ಮ ಭಾವ ಬಂದು ನೋಡಿ, "ಏನು ತೋಟ ಕಾಡು ಬಿಟ್ಟಿದ್ದೀರಿ" ಎಂದರು.

ಚಾ ಕುಡಿಯುವಾಗ ರೈಗಳನ್ನು ಕೇಳಿದೆ, ಈ ಉಪಾಯ ಯಾರದು ಎಂದು. ಇಂಗ್ಲೆಂಡಿನಲ್ಲಿ 2006ರಿಂದ ನಡೆಯುತ್ತಿದೆಯಂತೆ. ಕ್ಯಾಚ್‌ಮೆಂಟ್ ಸೆನ್ಸಿಟಿವ್ ಫಾರ್ಮಿಂಗ್ ಎಂದು ಹೆಸರು. ದೇಶ ಪೂರ್ತಿ ಒಮ್ಮೆಲೇ ಹಿಡಿಯಲಿಲ್ಲ. ನೀರು ಜಾಸ್ತಿ ಕೆಟ್ಟಿದ್ದ, ಜಾಸ್ತಿ ಕಾಪಾಡಬೇಕಾದ 40 ನದಿ ಜಲಾನಯನಗಳನ್ನು ಆರಿಸಿ ಅಲ್ಲಿನ ರೈತರ ಮನೆಗೆ ಸಲಹೆಗಾರರನ್ನು ಕಳಿಸಿದರು. ಸಲಹೆ ಪುಕ್ಕಟೆ. ಸ್ಲರಿ ಗುಂಡಿಗೆ ಮಾಡು, ಮಾಡಿನ ನೀರಿಗೆ ದಂಬೆ, ದನ ಹೊಳೆಗೆ ಇಳಿಯದ ಹಾಗೆ ಬೇಲಿ, ಇಂಥದ್ದಕ್ಕೆ ಸಹಾಯಧನ. ಲಂಡನ್ ಕಡೆಯ ದನದ ಹಟ್ಟಿಗೂ ಪೆರ್ಲದ ಹಟ್ಟಿಗೂ ಮದ್ದು ಒಂದೇ ದಂಬೆ ಎಂದು ಕೇಳಿ ನಗು ಬಂತು.

ಆದರೆ ಅಲ್ಲಿ ಬರೀ ಸಲಹೆ ಮಾತ್ರ ಅಲ್ಲ. ಹಿಂದೆ ಕಾನೂನೂ ಇದೆ. 2018ರಲ್ಲಿ ಬಂದ ನಿಯಮದ ಪ್ರಕಾರ ಬಾವಿ, ಒರತೆಗಳಿಂದ 50 ಮೀಟರ್ ಒಳಗೆ, ಹೊಳೆ ತೋಡುಗಳಿಂದ 10 ಮೀಟರ್ ಒಳಗೆ ಹಟ್ಟಿಗೊಬ್ಬರ ಹರಡುವಂತಿಲ್ಲ. ನಮ್ಮಲ್ಲಿ 50 ಮೀಟರ್ ಅಂದರೆ ಬಾವಿ ಪಕ್ಕದ ಮನೆಯವರ ಜಾಗಕ್ಕೆ ಹೋಗುತ್ತದೆ. ಇಲ್ಲಿಗೆ ಆ ಅಳತೆ ನಡೆಯುವುದಿಲ್ಲ. ಆದರೆ ಕಾನೂನು ಒಂದೂ ಇಲ್ಲದೆ ಬರೀ ಒಳ್ಳೆಯ ಮಾತಿನಿಂದ ಎಲ್ಲರೂ ಸರಿಯಾಗುತ್ತಾರೆ ಎಂದೂ ನನಗೆ ಅನಿಸುವುದಿಲ್ಲ. ಅದಕ್ಕೆ ಕಾರಣ ನಮ್ಮ ತೋಡಿನ ಮೇಲಿನ ತುದಿಯಲ್ಲೇ ಇದೆ. ಅಲ್ಲಿ ಒಂದು ದೊಡ್ಡ ಕೋಳಿ ಫಾರ್ಮು. ಮಳೆ ಜೋರಾದ ರಾತ್ರಿ ಅಲ್ಲಿಂದ ಏನು ಬರುತ್ತದೆ ಎಂದು ಮೂಗಿಗೇ ಗೊತ್ತಾಗುತ್ತದೆ. ಅವರು ಈ ಸೇವೆಗೆ ಸೇರಿಲ್ಲ. ಯಾಕೆ ಸೇರುತ್ತಾರೆ? ಸೇರದಿದ್ದರೆ ನಷ್ಟ ಇಲ್ಲ. ನಾವು ಸಣ್ಣವರು ಇಪ್ಪತ್ತು ಮನೆ ದಂಬೆ ಕಟ್ಟಿ, ಡ್ರಮ್ಮು ಮೇಲೆ ಸಾಗಿಸಿ ಉಳಿಸಿದ್ದನ್ನು ಅವರೊಬ್ಬರು ಒಂದು ರಾತ್ರಿಯಲ್ಲಿ ತುಂಬಿಸಬಹುದು. ರೈಗಳಿಗೆ ಇದನ್ನು ಹೇಳಿದೆ. "ಅದು ನಮ್ಮ ಕೈಯಲ್ಲಿಲ್ಲ ಅಕ್ಕಾ, ಪಂಚಾಯತಿಗೆ ಬರೆಯಬಹುದು" ಎಂದರು. ಪಂಚಾಯತಿಗೆ ಬರೆದಿದ್ದೇವೆ. ತೋಡಿನ ಬದಿಯ ಮನೆಗಳವರು ಒಟ್ಟಾಗಿ ಸಹಿ ಹಾಕಿದ್ದೇವೆ. ನೋಟೀಸಿಗೆ ಹೆದರಿದ್ದ ಪಕ್ಕದ ತೋಟದ ಅಣ್ಣನ ಸಹಿ ಮೊದಲನೆಯದು.

ಇನ್ನು ದೂರುಗಳು.

ವರದಿ ಬಂದದ್ದು ಮಲಯಾಳದಲ್ಲಿ. ನನಗೆ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತೇನೆ. ಅತ್ತೆಗೆ, ನಮ್ಮವರಿಗೆ ಓದಲು ಬರುವುದೇ ಇಲ್ಲ. ಇಲ್ಲಿ ತೋಡಿನ ಬದಿಯ ಮನೆಗಳಲ್ಲಿ ಮುಕ್ಕಾಲು ಪಾಲು ಕನ್ನಡ ಶಾಲೆಗೆ ಹೋದವರು. ಕನ್ನಡದಲ್ಲಿ ಬೇಕು ಎಂದು ಹೇಳಿದ ಮೇಲೆ ಕೊಟ್ಟರು, ಆದರೆ ಅದು ಬರುವಾಗ ಸೆಪ್ಟೆಂಬರ್ ಕಂತಿನ ಗೊಬ್ಬರ ಹಾಕುವ ಕಾಲ ಅರ್ಧ ಮುಗಿದಿತ್ತು. ಇಷ್ಟು ಚಂದ ಮಾತಾಡಿ ಹೇಳಿಕೊಡುವವರು ಕಾಗದವನ್ನು ಮಾತ್ರ ಓದಲಾಗದ ಲಿಪಿಯಲ್ಲಿ ಕಳಿಸುವುದು ಯಾಕೆ? ಹೆಸರು ಕೊಡುವಾಗಲೇ "ವರದಿ ಕನ್ನಡದಲ್ಲಿ" ಎಂದು ಫಾರ್ಮಿನ ಮೇಲೆ ಬರೆಯಿರಿ. ನನ್ನ ನಂತರ ಕೊಟ್ಟವರಿಗೆ ಹಾಗೆ ಬರೆದದ್ದಕ್ಕೆ ಮೊದಲೇ ಕನ್ನಡದಲ್ಲಿ ಬಂದಿದೆ.

ಅರ್ಧ ಖರ್ಚು ಕೊಡುತ್ತಾರೆ, ಆದರೆ ಮೊದಲು ನಾವು ಹಾಕಿ ಬಿಲ್ಲು ಕೊಡಬೇಕು. ಹಣ ಬರಲು ತಿಂಗಳುಗಳು ಹಿಡಿಯುತ್ತವೆ. ಅಡಿಕೆ ಮಾರಿದ ಕೈಯಲ್ಲಿ ದುಡ್ಡಿರುವವರಿಗೆ ಅಡ್ಡಿಯಿಲ್ಲ. ಎರಡು ದನದ ಹಾಲು ಮಾರಿ ಬದುಕುವವರಿಗೆ ಶೀಟಿನ ಪೂರ್ತಿ ಹಣ ಮೊದಲೇ ಹಾಕು ಎಂದರೆ ಅವರು ಹಾಕುವುದಿಲ್ಲ. ನಿಜವಾಗಿ ಸಹಾಯ ಬೇಕಾದ ಮನೆಗಳೇ ಅವು, ಯಾಕೆಂದರೆ ಅವರ ಹಟ್ಟಿ ತೋಡಿಗೆ ಇನ್ನೂ ಹತ್ತಿರ.

ಭೂತೆರಿಗೆ ರಶೀದಿ ಕೇಳುತ್ತಾರೆ. ತೋಟ ಲೀಸಿಗೆ ಹಿಡಿದವರಿಗೆ ರಶೀದಿ ಎಲ್ಲಿಂದ ಬರಬೇಕು? ಧನಿ ಬೆಂಗಳೂರಿನಲ್ಲಿ, ದುಬೈಯಲ್ಲಿ. ಕೆಳಗಿನ ಎರಡು ತೋಟಗಳು ಹೀಗೇ ಹೊರಗುಳಿದವು. ತೋಡಿಗೆ ಅದು ಯಾರ ಹೆಸರಿನಲ್ಲಿದೆ ಎಂದು ಗೊತ್ತಿಲ್ಲವಲ್ಲ.

ಶೀಟು ಹಾಕಲು ಅವರು ಹೇಳಿ ಕಳಿಸಿದ ಮೇಸ್ತ್ರಿಯ ಕೆಲಸ ಚೆನ್ನಾಗಿರಲಿಲ್ಲ. ಸ್ಕ್ರೂ ಹಾಕಿದಲ್ಲೆಲ್ಲ ಸೋರಿತು. ನಮ್ಮ ಊರಿನವನನ್ನು ಕರೆದು ಸರಿ ಮಾಡಿಸಿದೆ. ನೀವು ಮೊದಲೇ ನಿಮ್ಮ ಗುರುತಿನವರನ್ನು ಕರೆಯಿರಿ, ಬಿಲ್ಲು ಇದ್ದರೆ ಸಂಘದವರು ಒಪ್ಪುತ್ತಾರೆ.

ಪ್ರಯೋಜನ ಆಯಿತಾ ಎಂದರೆ, ಹಟ್ಟಿಯ ಹಿಂದೆ ಆಯಿತು. ಈ ಸಲ ಗುಂಡಿ ಉಕ್ಕಲಿಲ್ಲ. ತೋಡಿನ ಬಗ್ಗೆ ನಾನು ದೊಡ್ಡ ಮಾತು ಹೇಳುವುದಿಲ್ಲ, ಒಂದು ಮಳೆಗಾಲಕ್ಕೆ ಹೇಳುವಂಥದ್ದೂ ಅಲ್ಲ. ಮಳೆ ನಿಂತ ಮೇಲೆ ನಾವು ತೋಡಿಗೆ ಕಟ್ಟ ಕಟ್ಟುತ್ತೇವೆ. ಕಲ್ಲು, ಮಣ್ಣು, ಅಡಿಕೆ ಮರ, ಸೋಗೆ. ಬೇಸಿಗೆ ತನಕ ಬಾವಿಗಳಿಗೆ ಅದೇ ಆಧಾರ. ಕಟ್ಟ ನೀರನ್ನು ಮಾತ್ರ ಹಿಡಿಯುವುದಿಲ್ಲ, ಮೇಲಿನಿಂದ ಬಂದದ್ದನ್ನೆಲ್ಲ ಹಿಡಿದು ನಮ್ಮ ಬಾವಿಗಳಿಗೇ ಇಂಗಿಸುತ್ತದೆ. ಇಪ್ಪತ್ತು ಮನೆಯವರು ಕೂತು ಮಾತಾಡುವಾಗ ಈ ಒಂದು ವಿಷಯಕ್ಕೇ ಜನ ಒಪ್ಪಿದ್ದು. ಪರಿಸರ, ಮೀನು ಎಂದರೆ ಆಕಳಿಸುತ್ತಿದ್ದವರು ಕಟ್ಟದ ನೀರು ಎಂದ ಕೂಡಲೇ ನೆಟ್ಟಗೆ ಕೂತರು. ರೈಗಳು ಮುಂದಿನ ಊರುಗಳಿಗೆ ಹೋಗುವಾಗ ಮಾತು ಅಲ್ಲಿಂದ ಶುರು ಮಾಡಿದರೆ ಒಳ್ಳೆಯದು ಎಂದು ನನ್ನ ಸಲಹೆ. ಪುಕ್ಕಟೆ.

ಹೆಸರು ಕೊಡುವುದಿದ್ದರೆ ಏಪ್ರಿಲ್ ಒಳಗೆ ಕೊಡಿ. ಜೂನ್ ನಂತರ ಕೊಟ್ಟವರಿಗೆ ಮುಂದಿನ ಮಳೆಗಾಲ. ಬರುವವರಿಗೆ ಮೇಜಿನ ಮೇಲೆ ತಿಂಡಿ ಸಿದ್ಧ ಮಾಡುವುದಕ್ಕಿಂತ ಮೊದಲು ಒಂದು ವರ್ಷದ ಗೊಬ್ಬರದ ಬಿಲ್ಲು, ಮರಗಳ ಲೆಕ್ಕ, ಮದ್ದು ಬಿಟ್ಟ ತಾರೀಕು ಇಷ್ಟು ತೆಗೆದಿಡಿ. ಮದ್ದು ಬಿಡುವವರನ್ನೂ ಆ ದಿನ ಕರೆಸಿ. ನಾವು ಯಜಮಾನರು ಏನು ಹೇಳಿದರೂ ಡ್ರಮ್ಮು ತೊಳೆಯುವುದು ಅವರೇ. ಬಾಬುವನ್ನು ಕೂರಿಸಿಕೊಂಡು ಮಾತಾಡಿದ್ದಕ್ಕೇ ನಮ್ಮಲ್ಲಿ ಅದು ನಡೆಯಿತು. ಅವನು ಊರಿನ ಹದಿನೈದು ತೋಟಕ್ಕೆ ಮದ್ದು ಬಿಡುತ್ತಾನೆ, ಈಗ ಎಲ್ಲಾ ಕಡೆ ಡ್ರಮ್ಮು ಮೇಲೆ ಇಡಿಸುತ್ತಾನೆ, ಸಂಘಕ್ಕೆ ಹೆಸರು ಕೊಡದವರ ತೋಟದಲ್ಲೂ.